ಬ್ಯಾಗ್ ತುಂಬುವ ಮೊದಲು ಒಂದು ಹಾಳೆ ತುಂಬಿ

ಅಣ್ಣನನ್ನು ಮೊದಲ ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಾಗ ನಾವು ಮೂರು ಬ್ಯಾಗ್ ಹೊತ್ತು ಹೋಗಿದ್ದೆವು. ನರ್ಸ್ ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲಿಟ್ಟರು. ಮೌತ್‌ವಾಶ್, ಸೆಂಟ್ ಬಾಟಲಿ, ರೇಜರ್, ಕೆಮ್ಮಿನ ಸಿರಪ್ ಎಲ್ಲ ಪಕ್ಕಕ್ಕೆ ಹೋದವು. ಎರಡು ಬ್ಯಾಗ್ ನಮ್ಮ ಜೊತೆಗೇ ವಾಪಸ್ ಬಂದವು. ವೈದ್ಯರಿಗೆ ಬೇಕಿದ್ದುದು ಬೇರೆಯೇ. ‘ದಿನಕ್ಕೆ ಎಷ್ಟು ಕುಡಿಯುತ್ತೀರಿ? ಕೊನೆಯ ಸಲ ಕುಡಿದದ್ದು ಯಾವಾಗ? ಜೊತೆಗೆ ಮಾತ್ರೆ ಏನಾದರೂ?’ ಅಣ್ಣ ‘ಸ್ವಲ್ಪ’ ಎಂದ, ಮಾತ್ರೆ ಇಲ್ಲವೆಂದ. ನಿದ್ದೆ ಮಾತ್ರೆಯ ಸಂಗತಿ ಗೊತ್ತಿದ್ದರೂ ಮರ್ಯಾದೆಗೆ ಅಂಜಿ ನಾವ್ಯಾರೂ ಬಾಯಿ ಬಿಡಲಿಲ್ಲ. ಐದನೇ ದಿನ, ಇನ್ನೇನು ಗಂಡಾಂತರ ಕಳೆಯಿತು ಅಂದುಕೊಳ್ಳುವಾಗ, ಅವನಿಗೆ ಫಿಟ್ಸ್ ಬಂತು.

ಆದ್ದರಿಂದ ಸಿದ್ಧತೆಯನ್ನು ಬ್ಯಾಗಿನಿಂದ ಶುರು ಮಾಡಬೇಡಿ.

ಮೊದಲ ಕೆಲಸ: ನಿಜ ಹೇಳುವ ಹಾಳೆ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಏನೇನು ಸೇವಿಸುತ್ತೀರಿ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವತ್ತು ಎಷ್ಟು ಗಂಟೆಗೆ ಎಂದು ಬರೆಯಿರಿ. ಪೆಗ್, ಬಾಟಲಿ, ಸ್ಟ್ರಿಪ್ ಹೀಗೆ ನಿಮಗೆ ರೂಢಿಯಿರುವ ಅಳತೆಯಲ್ಲೇ ಬರೆದರೆ ಸಾಕು. ಹಿಂದೆ ಬಿಡಲು ಹೋದಾಗ ಕೈ ನಡುಗಿತೆ, ಫಿಟ್ಸ್ ಬಂತೆ, ಇಲ್ಲದ್ದು ಕಂಡಿತೆ? ಅದನ್ನೂ ಬರೆಯಿರಿ. ಲಿವರ್ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ, ಈಗ ನುಂಗುತ್ತಿರುವ ಔಷಧಿಗಳು, ಸಾಯಬೇಕೆಂಬ ಯೋಚನೆ ಬಂದಿದ್ದರೆ ಅದು ಕೂಡ.

ಮೊದಲ ವಾರದ ಔಷಧಿಯ ಪ್ರಮಾಣವನ್ನು ವೈದ್ಯರು ಬಹುಮಟ್ಟಿಗೆ ಇದರ ಮೇಲೆಯೇ ನಿರ್ಧರಿಸುತ್ತಾರೆ. ದಿನವೂ ಹೆಚ್ಚು ಕುಡಿಯುವವರು ನಿಲ್ಲಿಸಿದರೆ ಸುಮಾರು 6 ಗಂಟೆಯ ನಂತರ ನಡುಕ, ಬೆವರು ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಹೊತ್ತುಗೊತ್ತು ತಿಳಿಯದೆ ಬಡಬಡಿಸುವ, ಪ್ರಾಣಕ್ಕೇ ಕುತ್ತಾಗಬಲ್ಲ ಸನ್ನಿ ಹೆಚ್ಚಾಗಿ 2ರಿಂದ 4ನೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆಗಳು ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಅವನ್ನು ನಿಲ್ಲಿಸಿದ ಪರಿಣಾಮ ತಡವಾಗಿ ಬರುತ್ತದೆ. ಅಣ್ಣನಿಗಾದದ್ದು ಅದೇ. ಇನ್ನು ಅಫೀಮು ವರ್ಗದ ನೋವಿನ ಮಾತ್ರೆಯನ್ನು ಮುಚ್ಚಿಟ್ಟವರಿಗೆ, ಕುಡಿತದ ಹಂಬಲ ತಗ್ಗಿಸಲೆಂದು ನಾಲ್ಟ್ರೆಕ್ಸೋನ್ ಎಂಬ ಔಷಧಿ ಕೊಟ್ಟರೆ ನರಳಾಟ ಒಮ್ಮೆಲೇ ಎದ್ದುಬಿಡುತ್ತದೆ.

ಹಾಳೆಯನ್ನು ಸೇರುವವರೇ ಬರೆಯಲಿ. ಮನೆಯವರು ತಮಗೆ ಗೊತ್ತಿದ್ದುದನ್ನು ಬೇರೆ ಹಾಳೆಯಲ್ಲಿ ಬರೆದು ವೈದ್ಯರಿಗೇ ಕೊಡಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳವಾಡಲು ಇದು ಹೊತ್ತಲ್ಲ.

ನೀವಾಗಿಯೇ ನಿಲ್ಲಿಸಬೇಡಿ

‘ಹೇಗೂ ಸೇರುತ್ತೇನೆ, ನಾಲ್ಕು ದಿನ ಮೊದಲೇ ಬಿಟ್ಟು ತೋರಿಸುತ್ತೇನೆ’ ಎನ್ನುವ ಛಲ ಬಹಳ ಜನರಲ್ಲಿ ಹುಟ್ಟುತ್ತದೆ. ಆ ಛಲ ದೊಡ್ಡದು, ಆದರೆ ಕುಡಿತ ಮತ್ತು ನಿದ್ದೆ ಮಾತ್ರೆಯ ವಿಷಯದಲ್ಲಿ ಅಪಾಯದ್ದು. ಕೇಂದ್ರಕ್ಕೆ ಫೋನ್ ಮಾಡಿ, ಸೇರುವ ದಿನದವರೆಗೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ, ಅವರು ಹೇಳಿದಷ್ಟೇ ಮಾಡಿ. ‘ಕೊನೆಯ ಸಲ’ ಎಂದು ಗೆಳೆಯರ ಜೊತೆ ಮಿತಿ ಮೀರಿ ಕುಡಿಯುವುದೂ ಬೇಡ. ಫಿಟ್ಸ್, ಗೊಂದಲ, ಇಲ್ಲದ್ದು ಕಾಣುವುದು, ಜ್ವರದೊಂದಿಗೆ ನಡುಕ ಇವುಗಳಲ್ಲಿ ಒಂದು ಕಂಡರೂ ಅಡ್ಮಿಷನ್ ದಿನಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಕೇಂದ್ರವನ್ನು ಕೇಳಿ ತಿಳಿಯಿರಿ

ರಾತ್ರಿ ಹೊತ್ತು ವೈದ್ಯರು ಅಥವಾ ನರ್ಸ್ ಇರುತ್ತಾರೆಯೇ? ಫೋನ್, ಭೇಟಿಯ ನಿಯಮ ಏನು? ಮನೆಯವರಿಗೂ ಕೌನ್ಸೆಲಿಂಗ್ ಇದೆಯೇ? ಬಿಡುಗಡೆಯಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಹೊಡೆದು, ಕಟ್ಟಿಹಾಕಿ ಸರಿಮಾಡುತ್ತೇವೆ ಎನ್ನುವ ಜಾಗವಾದರೆ ಬಾಗಿಲಿನಿಂದಲೇ ಹಿಂತಿರುಗಿ. ನೂರಕ್ಕೆ ನೂರು ಗ್ಯಾರಂಟಿ ಕೊಡುವವರನ್ನೂ ನಂಬಬೇಡಿ, ಈ ಕಾಯಿಲೆಯಲ್ಲಿ ಅಂಥ ಗ್ಯಾರಂಟಿ ಇಲ್ಲ. 28 ದಿನಗಳ ಕಾರ್ಯಕ್ರಮ ಹಲವು ಕಡೆ ಇದೆ, ಹಾಗೆಂದು 29ನೇ ದಿನ ಎಲ್ಲ ಮುಗಿಯಿತೆಂದಲ್ಲ. ಒಳಗಿದ್ದು ಪಡೆಯುವುದಾಗಲಿ ಹೊರಗಿನಿಂದ ಬಂದುಹೋಗಿ ಪಡೆಯುವುದಾಗಲಿ, 90 ದಿನಕ್ಕಿಂತ ಕಡಿಮೆ ಚಿಕಿತ್ಸೆಯ ಫಲ ಸೀಮಿತ ಎಂಬುದು ಅಮೆರಿಕದ ಮಾದಕವ್ಯಸನ ಸಂಶೋಧನಾ ಸಂಸ್ಥೆ ‘ನೈಡಾ’ದ ಮಾರ್ಗಸೂಚಿಯ ಮಾತು.

ಈಗ ಬ್ಯಾಗ್

ಒಂದೇ ಸಾಕು. ಒಂದು ವಾರದ ಸಡಿಲ ಬಟ್ಟೆ, ಚಪ್ಪಲಿ, ಕನ್ನಡಕ, ಗುರುತಿನ ಚೀಟಿ, ಹಳೆಯ ವೈದ್ಯಕೀಯ ಕಾಗದಗಳು. ಔಷಧಿಗಳು ಡಬ್ಬಿಗೆ ಸುರಿಯದೆ ಮೂಲ ಪ್ಯಾಕಿನಲ್ಲೇ, ಚೀಟಿಯೊಂದಿಗೆ ಇರಲಿ. ಫೋನ್ ತೆಗೆದಿಟ್ಟುಕೊಳ್ಳುವ ಕೇಂದ್ರಗಳೇ ಹೆಚ್ಚು, ಹಾಗಾಗಿ ಮುಖ್ಯ ನಂಬರ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಲ್ಕೋಹಾಲ್ ಇರುವ ಮೌತ್‌ವಾಶ್, ಸೆಂಟ್, ಸ್ಯಾನಿಟೈಸರ್ ಬೇಡ.

ಮನೆ, ಮಕ್ಕಳು

ರಜೆ, ಬಿಲ್ಲು, ಸಾಲದ ಕಂತುಗಳನ್ನು ಒಬ್ಬರ ಕೈಗೆ ಒಪ್ಪಿಸಿ. ಅದು ಅರ್ಧ ದಿನದ ಕೆಲಸ. ಕಷ್ಟವಿರುವುದು ಮಕ್ಕಳಿಗೆ ಹೇಳುವುದರಲ್ಲಿ. ‘ಅಪ್ಪ ಕೆಲಸದ ಮೇಲೆ ಹೋಗಿದ್ದಾನೆ’ ಎಂದು ನಾವು ಅಣ್ಣನ ಮಗಳಿಗೆ ಹೇಳಿದ್ದೆವು. ಅವಳು ಎರಡು ವಾರ ಗೇಟಿನ ಸದ್ದಿಗೆಲ್ಲ ಓಡಿದಳು. ಎರಡನೇ ಸಲ ಅಣ್ಣನೇ ಅವಳನ್ನು ಎದುರಿಗೆ ಕೂರಿಸಿಕೊಂಡ. ‘ನನಗೆ ಒಂದು ಕಾಯಿಲೆ ಇದೆ ಪುಟ್ಟಾ. ಅದು ನಿನ್ನಿಂದ ಬಂದದ್ದಲ್ಲ. ವಾಸಿ ಮಾಡಿಸಿಕೊಳ್ಳೋಕೆ ಹೋಗ್ತಿದ್ದೀನಿ’ ಎಂದ. ಅವಳು ಕೇಳಿದ್ದು ಒಂದೇ: ‘ಭಾನುವಾರ ನೋಡಬಹುದಾ?’

ಹೋಗುವ ಮೊದಲೇ ಬರುವ ದಿನದ ಏರ್ಪಾಡು

ಬಿಡುಗಡೆಯ ನಂತರದ ಮೊದಲ ಭೇಟಿ ಯಾರೊಂದಿಗೆ, ಯಾವಾಗ ಎಂಬುದನ್ನು ಸೇರುವಾಗಲೇ ಕೇಳಿಡಿ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತಕ್ಕೆ ಸಿಕ್ಕ ಇಬ್ಬರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಭೆಗಳು ಇಂದು ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ಮನೆಯವರಿಗಾಗಿ ‘ಅಲ್-ಅನಾನ್’ ಇದೆ. ನೀವು ಒಳಗಿರುವಾಗಲೇ ಅವರು ಹೋಗಲು ಶುರುಮಾಡಲಿ. ಹೆರಾಯಿನ್‌ನಂಥ ವ್ಯಸನವಿದ್ದರೆ ಒಂದು ಮಾತು ಎಲ್ಲರಿಗೂ ಗೊತ್ತಿರಲೇಬೇಕು: ಬಿಟ್ಟು ಕೆಲವು ವಾರವಾದ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ, ಒಮ್ಮೆ ಜಾರಿದರೂ ಉಸಿರು ನಿಲ್ಲಬಹುದು. ಅದಕ್ಕೆ ಪ್ರತಿಯಾದ ನಲೋಕ್ಸೋನ್ ಔಷಧಿ ಎಲ್ಲಿ ಸಿಗುತ್ತದೆ, ಹೇಗೆ ಕೊಡಬೇಕು ಎಂದು ವೈದ್ಯರಿಂದ ಕಲಿತಿಟ್ಟುಕೊಳ್ಳಿ.

ಎರಡನೇ ಸಲ ಅಣ್ಣ ಹಾಳೆಯ ಎರಡೂ ಬದಿ ತುಂಬಿಸಿದ. ಮುಂದಿನ ಬದಿ ವೈದ್ಯರಿಗೆ. ಹಿಂದಿನ ಬದಿಯಲ್ಲಿ ಬಾಟಲಿ, ಮಾತ್ರೆ ಬಚ್ಚಿಟ್ಟಿದ್ದ ಜಾಗಗಳು: ಅಟ್ಟ, ಸ್ಕೂಟರ್ ಸೀಟಿನ ಕೆಳಗೆ, ಹಳೆಯ ಶೂ, ಹೀಗೆ ಏಳು. ಅದನ್ನು ಫೋಟೋ ತೆಗೆದುಕೊಂಡ ಅತ್ತಿಗೆ, ಅವನನ್ನು ಬಿಟ್ಟು ಬಂದ ಸಂಜೆಯೇ ಏಣಿ ಹಾಕಿ ಅಟ್ಟದಿಂದ ಶುರುಮಾಡಿದರು.