ಧೂಪದಾಳದ ದಂಡೆಯಲ್ಲಿ ಎಂಟು ಜನ

ಮೊದಲ ಸಲ ನಮ್ಮವರನ್ನು, ಅಂದರೆ ಗೇ (ಸಲಿಂಗಪ್ರೇಮಿ), ಟ್ರಾನ್ಸ್ ಗೆಳೆಯ ಗೆಳತಿಯರನ್ನು, ಹಕ್ಕಿ ನೋಡಲು ಕರೆದುಕೊಂಡು ಹೋಗಿದ್ದು ಬೆಳಗಾವಿಯ ವ್ಯಾಕ್ಸಿನ್ ಡಿಪೋಗೆ. ಊರೊಳಗೇ ಇದೆ, ಮರ ಜಾಸ್ತಿ, ಹಕ್ಕಿಗೆ ಬರವಿಲ್ಲ. ಆದರೆ ಬೆಳಿಗ್ಗೆ ಅರ್ಧ ಟಿಳಕವಾಡಿ ಅಲ್ಲೇ ವಾಕಿಂಗ್ ಮಾಡುತ್ತದೆ! ಬಂದಿದ್ದ ಐವರಲ್ಲಿ ಇಬ್ಬರು ಹಕ್ಕಿ ಬಿಟ್ಟು ಎದುರು ಬರುವವರ ಮುಖವನ್ನೇ ನೋಡುತ್ತಿದ್ದರು. ಒಬ್ಬರಿಗೆ ಸೋದರಮಾವನೇ ಸಿಕ್ಕರು. ನಾನೂ ಗೇ. ಇದು ನನಗೆ ಮೊದಲೇ ಹೊಳೆಯಬೇಕಿತ್ತು ಅಲ್ವಾ?

ಮುಂದಿನ ಸಲ ರೈಲು ಹತ್ತಿ ಘಟಪ್ರಭಾಕ್ಕೆ ಹೋದೆವು. ಅಲ್ಲಿಂದ ಆಟೋದಲ್ಲಿ ಧೂಪದಾಳ. ನದಿಗೆ ಕಟ್ಟಿದ ಒಡ್ಡಿನ ಹಿನ್ನೀರು, 1974ರಿಂದ ಪಕ್ಷಿಧಾಮ. ಎಂಟೇ ಜನ, ಎರಡು ಬೈನಾಕ್ಯುಲರ್. ದಂಡೆಯ ಮೀನುಗಾರರು ಯಾರು ಅಂತ ಕೇಳಿದರು. "ಹಕ್ಕಿ ನೋಡಾಕ ಬಂದೇವ್ರಿ" ಅಂದೆವು. ಅಷ್ಟಕ್ಕೇ ಮುಗಿಯಿತು. ಇಷ್ಟು ಸಲೀಸಾದ ಉತ್ತರ ನಮಗೆ ಬೇರೆಲ್ಲೂ ಸಿಗುವುದಿಲ್ಲ.

ಹೋಗುವ ಮೊದಲು ನಾನು ಹುಡುಕಿದ್ದು ಹಕ್ಕಿಯನ್ನಲ್ಲ, ಪಾಯಿಖಾನೆಯನ್ನು. ನಗಬೇಡಿ. ಗಂಡಸರು, ಹೆಂಗಸರು ಅಂತ ಬೋರ್ಡಿದ್ದರೆ ನಮ್ಮ ಟ್ರಾನ್ಸ್ ಗೆಳತಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಒಂದೇ ಬಾಗಿಲು, ಬೋರ್ಡಿಲ್ಲದ ಪಾಯಿಖಾನೆ ಇರುವ ಖಾನಾವಳಿ ಸಿಕ್ಕಿತು. ನಾಷ್ಟಾ ಅಲ್ಲೇ ಅಂತ ಗೊತ್ತು ಮಾಡಿದೆ.

ಇನ್ನು ಫೋಟೊ. ಹಕ್ಕಿಯದು ಎಷ್ಟು ಬೇಕಾದರೂ ತೆಗೆಯಿರಿ, ಮನುಷ್ಯರದು ಒಂದೂ ಬೇಡ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮ ಸಂಬಂಧ ಅಪರಾಧವಲ್ಲ ಎಂದಿತು, ಸರಿ. ಗಲ್ಲಿಯ ವಾಟ್ಸಾಪ್ ಗುಂಪು ಕೋರ್ಟಿನ ಮಾತು ಕೇಳುತ್ತದೆಯೇ?

ನನ್ನ ದೊಡ್ಡ ತಪ್ಪು ಮಾತ್ರ ಬಾಯಿಯದು. ಒಬ್ಬ ಟ್ರಾನ್ಸ್ ಗೆಳತಿಗೆ "ಅಣ್ಣಾ, ಅಲ್ಲಿ ನೋಡ್ರಿ, ಬಣ್ಣದ ಕೊಕ್ಕರೆ" ಅಂದುಬಿಟ್ಟೆ. ಅವರು ಅಣ್ಣ ಅಲ್ಲ. ಆಮೇಲೆ ಅರ್ಧ ಗಂಟೆ ಅವರು ಮಾತಾಡಲಿಲ್ಲ. ಕ್ಷಮೆ ಕೇಳಿದೆ. ಈಗ ಅಣ್ಣ, ಅಕ್ಕ ಎರಡೂ ಬಿಟ್ಟಿದ್ದೇನೆ. ಅವರು ಹೇಳಿದ ಹೆಸರು, ಅದರ ಮುಂದೊಂದು "ರೀ". ಬೇರೆಯವರ ಬಗ್ಗೆ ಹೇಳುವಾಗ "ಅವರು". ನಮ್ಮ ಭಾಷೆಯಲ್ಲಿ ಇದು ಮೊದಲಿಂದಲೂ ಇತ್ತು, ನಾನೇ ಬಳಸಿರಲಿಲ್ಲ.

ಅವತ್ತು ದೇವನಕ್ಕಿ ಸಿಕ್ಕಿತು. ನೀರಲ್ಲಿ ತೇಲುವ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುತ್ತಿತ್ತು. ಇದರಲ್ಲಿ ಹೆಣ್ಣು ದೊಡ್ಡದು, ಹಲವು ಗಂಡುಗಳ ಜೊತೆ ಕೂಡುತ್ತದೆ. ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡು. ನಾನು ಇದನ್ನು ಸ್ವಲ್ಪ ಎಳೆದೆಳೆದು ಹೇಳಿ, "ನೋಡಿದ್ರಾ, ನಿಸರ್ಗದಲ್ಲೇ..." ಅಂತ ಶುರು ಮಾಡಿದೆ.

ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನ ಉಡುಗೆಯಲ್ಲಿ ಬದುಕುವ ಜೋಗಪ್ಪ ಒಬ್ಬರು ಬಂದಿದ್ದರು, ಸವದತ್ತಿ ಕಡೆಯವರು. "ನಮಗ ಹಕ್ಕಿ ಕಡೆಯಿಂದ ಸರ್ಟಿಫಿಕೇಟ್ ಬ್ಯಾಡ್ರಿ. ಅದು ಎಲ್ಲೈತಿ, ಮೊದ್ಲ ತೋರಸ್ರಿ" ಅಂದರು. ಎಲ್ಲರೂ ನಕ್ಕರು. ಅಂದಿನಿಂದ ಭಾಷಣ ಬಂದ್.

ಅಣ್ಣ ಅನ್ನಿಸಿಕೊಂಡಿದ್ದ ಆ ಗೆಳತಿ ವಾಪಸ್ ರೈಲಿನಲ್ಲಿ ಮೂರು ಹಕ್ಕಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಅಂತ ಅವ್ವ ಕೇಳಿದರೆ ಹೇಳಬೇಕಲ್ಲ. ಈಗ ಅವರ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಹೆಸರಿವೆ. ಹೋದ ವಾರ ಅವ್ವನೇ, "ಈ ಸಲ ಏನ್ ಕಂಡ್ತು?" ಅಂತ ಕೇಳಿದರಂತೆ.