ಕಣ್ಣು ಮುಚ್ಚಲೇಬೇಕೆಂದಿಲ್ಲ

"ಎಲ್ಲರೂ ಕಣ್ಣು ಮುಚ್ಚಿ" ಅಂದ ಕೂಡಲೇ ಏಳು ವರ್ಷದ ಮಗು ಮಾಡುವ ಮೊದಲ ಕೆಲಸ, ಪಕ್ಕದವನು ಮುಚ್ಚಿದ್ದಾನಾ ಅಂತ ಇಣುಕುವುದು. ಮರುಕ್ಷಣವೇ ದೂರು: "ಮಿಸ್, ಇವನು ಕಣ್ಣು ಬಿಟ್ಟಿದ್ದಾನೆ." ಅದು ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದರೆ ಆ ಪಿರಿಯಡ್ ಮುಗಿದಂತೆಯೇ. ಪ್ರಾಥಮಿಕ ತರಗತಿಗಳಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಆಗುತ್ತಿರುವುದನ್ನು ಗಮನವಿಟ್ಟು ನೋಡುವ ಅಭ್ಯಾಸ, ಹೇಳಿಕೊಡುವಾಗ ನಾನು ಕಣ್ಣು ಮುಚ್ಚಿಸುವುದನ್ನೇ ಬಿಟ್ಟಿದ್ದೇನೆ. ನಗು, ಗಲಾಟೆ ತಪ್ಪಲಿ ಎಂದಷ್ಟೇ ಅಲ್ಲ. ಎಲ್ಲೋ ಯಾವಾಗಲೋ ಬೆದರಿರುವ ಮಗುವಿಗೆ ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ಕೂರುವುದೆಂದರೆ ನೆಮ್ಮದಿಯಲ್ಲ, ದಿಗಿಲು. ಆ ಮಗು ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟೇ: "ಮುಚ್ಚಬೇಕೆನಿಸಿದರೆ ಮುಚ್ಚಿ. ಇಲ್ಲದಿದ್ದರೆ ಡೆಸ್ಕ್ ಮೇಲೆ ಯಾವುದಾದರೂ ಒಂದು ಚುಕ್ಕೆ ನೋಡುತ್ತಿರಿ."

ದೊಡ್ಡವರ ಕ್ರಮ ಮಕ್ಕಳಿಗೆ ಇದ್ದ ಹಾಗೇ ಒಗ್ಗುವುದಿಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಮೈಂಡ್‌ಫುಲ್‌ನೆಸ್ ತರಬೇತಿ ಶುರುಮಾಡಿದ್ದು ದೀರ್ಘಕಾಲದ ನೋವು, ಕಾಯಿಲೆಗಳಿದ್ದ ರೋಗಿಗಳಿಗಾಗಿ. ಅವರ 8 ವಾರಗಳ ಕಾರ್ಯಕ್ರಮದಲ್ಲಿ ದಿನಕ್ಕೆ ಸುಮಾರು 45 ನಿಮಿಷದ ಅಭ್ಯಾಸವಿರುತ್ತದೆ. ಒಂದನೇ ತರಗತಿಯ ಮಕ್ಕಳಿಗೆ ಒಂದು ನಿಮಿಷ ಕೊಟ್ಟರೆ ಸಾಕು. ಐದನೆಯವರು ಮೂರ್ನಾಲ್ಕು ನಿಮಿಷ ತಡೆದುಕೊಳ್ಳುತ್ತಾರೆ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಬೇಕು.

ನಾನು ಶುರುಮಾಡುವುದು ಉಸಿರಿನಿಂದಲ್ಲ, ಸದ್ದಿನಿಂದ. ಕೊನೆ ಎಳೆದುಕೊಂಡು ಹೋಗುವ ಒಂದು ಗಂಟೆ ಬಾರಿಸುತ್ತೇನೆ. ಕೇಳುತ್ತಿರುವಷ್ಟು ಹೊತ್ತು ಕೈ ಮೇಲಿರಬೇಕು, ನಿಂತಿತು ಅನ್ನಿಸಿದಾಗ ಇಳಿಸಬೇಕು. ಕೈಗಳು ಒಟ್ಟಿಗೆ ಇಳಿದದ್ದು ನಾನು ಕಂಡಿಲ್ಲ. "ಇನ್ನೂ ಕೇಳಿಸ್ತಿತ್ತು!" "ಇಲ್ಲ, ಆಗಲೇ ನಿಂತಿತ್ತು!" ಎಂದು ವಾದ ಹತ್ತುತ್ತದೆ. ನಾನು ತೀರ್ಪು ಕೊಡುವುದಿಲ್ಲ. ಒಂದೇ ಸದ್ದು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಆ ವಾದದಲ್ಲೇ ಅವರಿಗೆ ತಿಳಿಯುತ್ತದೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಗಂಟೆ ಕೇಳುತ್ತಿರುವಾಗ ಮನಸ್ಸು ಬೇರೆಲ್ಲಿಗಾದರೂ ಹೋಗಿತ್ತಾ? ಮೊದಮೊದಲು ಯಾರೂ ಒಪ್ಪುವುದಿಲ್ಲ. "ನನ್ನದು ಊಟದ ಡಬ್ಬಿ ಹತ್ತಿರ ಹೋಗಿತ್ತು" ಅಂತ ನಾನೇ ಹೇಳಿದ ಮೇಲೆ ಒಬ್ಬೊಬ್ಬರೂ ಬಾಯಿ ಬಿಡುತ್ತಾರೆ. ಮನಸ್ಸು ಓಡಿಹೋಗುವುದು ತಪ್ಪಲ್ಲ, ಓಡಿದ್ದು ಗೊತ್ತಾಯಿತಲ್ಲ, ಅಷ್ಟೇ ಆಟ. ಇದೊಂದು ಮನದಟ್ಟಾದರೆ ಅರ್ಧ ಕೆಲಸ ಆದಂತೆ.

ಉಸಿರಿಗೆ ಬಂದಾಗ ಐದು ಬೆರಳಿನ ಆಟ. ಒಂದು ಕೈಯ ಬೆರಳಿನಿಂದ ಇನ್ನೊಂದು ಕೈಯ ಅಂಚನ್ನು ಸವರುತ್ತಾ, ಹತ್ತುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ಇಳಿಯುವುದನ್ನು ನಿಧಾನ ಮಾಡಿ ಅನ್ನುತ್ತೇನೆ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಮೆದುಳಿನಿಂದ ಹೃದಯದ ಕಡೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ನಾಲ್ಕು, ಐದನೇ ತರಗತಿಯವರಿಗೆ ಈ ವಿಷಯ ಹೇಳಿಯೇಬಿಡುತ್ತೇನೆ. ಓಡಿ ಬಂದ ಮೇಲೆ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡುವುದೆಂದರೆ ಅವರಿಗೆ ವಿಜ್ಞಾನದ ಪ್ರಯೋಗ ಮಾಡಿದಷ್ಟೇ ಖುಷಿ. ಆದರೆ ಆಸ್ತಮಾ ಇರುವವರಿಗೆ, ಮೂಗು ಕಟ್ಟಿದವರಿಗೆ ಉಸಿರಿನ ಕಡೆ ಗಮನ ಕೊಟ್ಟಷ್ಟೂ ಕಸಿವಿಸಿ ಹೆಚ್ಚಬಹುದು. ಅವರಿಗೆ ಅಂಗಾಲು: ನೆಲ ತಣ್ಣಗಿದೆಯಾ, ಬೆರಳುಗಳ ಮೇಲೆ ಭಾರ ಇದೆಯಾ, ಹಿಮ್ಮಡಿಯ ಮೇಲಾ?

ಎಲ್ಲಕ್ಕಿಂತ ಹೆಚ್ಚು ಫಲ ಕಂಡದ್ದು ಭಾವನೆಯನ್ನು ಮೈಯಲ್ಲಿ ಹುಡುಕಿಸುವುದರಲ್ಲಿ. "ಯಾಕೆ ಅಳ್ತಿದ್ದೀಯ?" ಅಂತ ಕೇಳಿದರೆ ಎಂಟು ವರ್ಷದವರು ಉತ್ತರಿಸಲಾರದೆ ಇನ್ನಷ್ಟು ಅಳುತ್ತಾರೆ. "ಎಲ್ಲಿ ಹೇಗೆ ಆಗ್ತಿದೆ?" ಅಂದರೆ ಉತ್ತರ ಸಿಗುತ್ತದೆ. ಗಂಟಲಲ್ಲಿ ಗಂಟು. ಕಿವಿ ಬಿಸಿ. ಹೊಟ್ಟೆಯೊಳಗೆ ಏನೋ ಓಡಾಡ್ತಿದೆ. ಅದು ಸಿಟ್ಟೋ, ಅವಮಾನವೋ, ಹೆದರಿಕೆಯೋ ಅನ್ನುವುದು ನಿಧಾನವಾಗಿ ಗೊತ್ತಾದರೆ ಆಯಿತು, ಆಗದಿದ್ದರೂ ಅವಸರವಿಲ್ಲ. ಸದಾ ಹೊಡೆಯಲು ಕೈ ಎತ್ತುತ್ತಿದ್ದ ಒಬ್ಬ ಹುಡುಗ ಒಂದು ದಿನ ಬಂದು, "ಮಿಸ್, ಕೈ ಬಿಸಿ ಆಗ್ತಿದೆ, ಹೊರಗೆ ಹೋಗಿ ಬರ್ಲಾ?" ಅಂದ. ಹೊಡೆಯುವುದಕ್ಕೆ ಮೊದಲೇ ಬಂದಿದ್ದ. ಮುಂದೆ ಅವನು ಯಾರಿಗೂ ಹೊಡೆಯಲೇ ಇಲ್ಲ ಅಂತಲ್ಲ, ಆ ದಿನ ಹೊಡೆಯಲಿಲ್ಲ.

ಸಹೋದ್ಯೋಗಿಗಳು ಕೇಳುವುದು ಬೇರೆಯೇ: "ನಿಮ್ಮ ಕ್ಲಾಸ್ ಈಗ ಸೈಲೆಂಟಾ?" ಇಲ್ಲ. ಗಲಾಟೆ ಅಡಗಿಸಲು ಆ ಗಂಟೆಯನ್ನು ನಾನು ಬಾರಿಸುವುದೇ ಇಲ್ಲ. ಗದ್ದಲ ಮಾಡಿದವನನ್ನು "ಹೋಗಿ ಮೂಲೆಯಲ್ಲಿ ಉಸಿರು ಎಣಿಸು" ಅಂತ ಕಳಿಸಿದರೆ, ಅಂದಿನಿಂದ ಉಸಿರು ಅಂದರೆ ಅವನಿಗೆ ಶಿಕ್ಷೆ. ಬೇಡ ಅಂದವರಿಗೂ ನನ್ನ ತರಗತಿಯಲ್ಲಿ ಜಾಗವಿದೆ, ಸದ್ದು ಮಾಡದೆ ಚಿತ್ರ ಬಿಡಿಸಬಹುದು. ಅವರಲ್ಲಿ ಕೆಲವರು ಬಿಡಿಸುತ್ತಲೇ ಎಲ್ಲ ಕೇಳಿಸಿಕೊಂಡಿರುತ್ತಾರೆ. ಪೋಷಕರ ಅನುಮಾನಕ್ಕೂ ಉತ್ತರ ಸುಲಭ: ಮಂತ್ರವಿಲ್ಲ, ದೇವರಿಲ್ಲ, ಬೇಕಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ.

ಇದು ಎಲ್ಲದಕ್ಕೂ ಮದ್ದು ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಬ್ರಿಟನ್ನಿನ 'ಮಿರಿಯಡ್' ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. 85 ಶಾಲೆಗಳು, 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಶಾಲೆಗಳಲ್ಲಿ ಮಾಮೂಲಾಗಿ ನಡೆಯುವ ಸಾಮಾಜಿಕ-ಭಾವನಾತ್ಮಕ ಪಾಠಗಳಿಗಿಂತ ಮೈಂಡ್‌ಫುಲ್‌ನೆಸ್ ಪಾಠ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚೇನೂ ನೆರವಾಗಲಿಲ್ಲ ಅನ್ನುವುದು ಅದರ ತೀರ್ಮಾನ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೇ ಇಲ್ಲ. ಅವರು ಹನ್ನೊಂದು ದಾಟಿದವರು, ನನ್ನವರು ಚಿಕ್ಕವರು, ನಿಜ. ಆದರೂ ಅದನ್ನು ಓದಿದ ಮೇಲೆ ಮನೆಗೆ ಅಭ್ಯಾಸ ಕೊಡುವುದನ್ನು ನಿಲ್ಲಿಸಿದೆ. ವಾರಕ್ಕೊಂದು ಉದ್ದನೆಯ ಪಾಠದ ಬದಲು ದಿನಾ ಎರಡು ನಿಮಿಷ, ಆಟದ ಬಿಡುವು ಮುಗಿಸಿ ಒಳಗೆ ಬಂದ ಕೂಡಲೇ. ಅದೇ ಅಧ್ಯಯನದಲ್ಲಿ ಶಿಕ್ಷಕರ ಬಳಲಿಕೆ ಮಾತ್ರ ತುಸು ಇಳಿದಿತ್ತು. ಆಶ್ಚರ್ಯವಾಗಲಿಲ್ಲ. ಸಿಡಿಮಿಡಿಗೊಂಡ ದನಿಯಲ್ಲಿ "ನಿಧಾನವಾಗಿ ಉಸಿರಾಡಿ" ಅಂದರೆ ಮಕ್ಕಳು ನಂಬುವುದು ದನಿಯನ್ನೇ ಹೊರತು ಮಾತನ್ನಲ್ಲ. ತರಗತಿಗೆ ಹೋಗುವ ಮೊದಲು ಬಾಗಿಲ ಹೊರಗೆ ಒಂದು ಗಳಿಗೆ ನಿಲ್ಲುವುದು ಈಗ ನನಗೂ ರೂಢಿ.

ಇನ್ನೊಂದು ಗಡಿಯನ್ನು ನಾನು ದಾಟುವುದಿಲ್ಲ. ಅಂಥ ಎರಡು ನಿಮಿಷದಲ್ಲಿ ಒಮ್ಮೊಮ್ಮೆ ಯಾವುದೋ ಮಗು ಬಿಕ್ಕಿ ಬಿಕ್ಕಿ ಅಳುತ್ತದೆ. ಎಲ್ಲರೆದುರು ಏನಾಯಿತು ಅಂತ ಕೆದಕುವುದಿಲ್ಲ. ನೀರು ಕುಡಿಯಲು ಕಳಿಸಿ, ಆಮೇಲೆ ಆ ಮಗುವನ್ನು ಪ್ರತ್ಯೇಕವಾಗಿ ಮಾತಾಡಿಸುತ್ತೇನೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ವಾರಗಟ್ಟಲೆ ಯಾರ ಜೊತೆಗೂ ಆಡುತ್ತಿಲ್ಲ, ಮನೆಗೆ ಹೋಗಲು ಹೆದರಿಕೆ ಅಂತ ಗೊತ್ತಾದರೆ ಅದು ಗಂಟೆ, ಬೆರಳಿನ ಆಟದಿಂದ ಆಗುವ ಕೆಲಸವಲ್ಲ. ಅವತ್ತೇ ಆಪ್ತ ಸಮಾಲೋಚಕರಿಗೆ ತಿಳಿಸುತ್ತೇನೆ. ಮಗುವಿನಿಂದಲೂ ಅದನ್ನು ಮುಚ್ಚಿಡುವುದಿಲ್ಲ: "ನೀನು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕಾಗುತ್ತೆ, ಅವರಿಗೆ ಸಹಾಯ ಮಾಡೋದು ನನಗಿಂತ ಚೆನ್ನಾಗಿ ಗೊತ್ತು."