ಹಿತ್ತಿಲ ನೆರಳಿಗೊಂದು ಗೆರೆ ಎಳೆದು ಗಿಡ ನೆಡಿ

ಹಲಸಿನ ಮರದ ಬುಡದಲ್ಲಿ ಎಂಟು ಬುಡ ಹಸಿಮೆಣಸು ನೆಟ್ಟಿದ್ದೆ. ಬೆಳಕು ಹುಡುಕಿಕೊಂಡು ಗಿಡ ಸೊಂಟದೆತ್ತರ ಹೋಯ್ತು. ಕಾಯಿ ಒಂದು ಒಗ್ಗರಣೆಗೂ ಸಾಲಲಿಲ್ಲ. ಮರುವರ್ಷ ಅತ್ತೆ ಏನೂ ಮಾತಾಡದೆ ಅಲ್ಲೇ ಅರಿಶಿನ ಹೂತರು. ಸಂಕ್ರಾಂತಿ ಕಳೆದ ಮೇಲೆ ಬುಟ್ಟಿ ತುಂಬ ಕಿತ್ತೆವು.

ಅದಕ್ಕೇ ನರ್ಸರಿಗೆ ಹೋಗುವ ಮುಂಚೆ ಒಂದು ದಿನ ನೆರಳಿನ ಹಿಂದೆ ಓಡಾಡಿ. ಬೆಳಗ್ಗೆ 8, 11, ಮಧ್ಯಾಹ್ನ 2, ಸಂಜೆ 4ಕ್ಕೆ ನೆರಳಿನ ಅಂಚಿಗೆ ರಂಗೋಲಿ ಪುಡಿ ಎಳೆಯಿರಿ. ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿದರೆ ಆಗಸ್ಟ್ ನಡುವಿನವರೆಗೆ ಅಲ್ಲೇ. ಚಳಿಗಾಲವೆಲ್ಲ ತಣ್ಣಗಿದ್ದ ಮನೆಯ ಉತ್ತರದ ನೆಲ ಮೇ ತಿಂಗಳಲ್ಲಿ ಕಾಯುತ್ತದೆ. ನೆರಳಿದೆಯೆಂದು ಅಲ್ಲಿ ಏಲಕ್ಕಿ ಇಟ್ಟರೆ ಎಲೆ ಸುಟ್ಟೀತು.

ಆರು ಗಂಟೆ ಬಿಸಿಲಿರುವಲ್ಲಿ ಬದನೆ, ಬೆಂಡೆ, ಅಲಸಂದೆ, ಹಸಿಮೆಣಸು, ನಿಂಬೆ, ನುಗ್ಗೆ. ಇದಕ್ಕೆ ಹೆಚ್ಚು ಯೋಚನೆ ಬೇಡ.

ಮೂರ್ನಾಲ್ಕು ಗಂಟೆ ಎಳೆಬಿಸಿಲು, ಉಳಿದ ಹೊತ್ತು ಎಲೆಗಳ ನಡುವೆ ಸೋಸಿ ಬರುವ ಬೆಳಕು: ಹಿತ್ತಿಲಿನ ನಿಜವಾದ ಆಸ್ತಿ ಈ ಜಾಗ. ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಚಕ್ರಮುನಿ ಸೊಪ್ಪು ಇಲ್ಲಿ ಚೆನ್ನಾಗಿ ಬರುತ್ತವೆ. ಬಚ್ಚಲ ನೀರು ಹರಿಯುವಲ್ಲಿ ಬಾಳೆ ನೆಟ್ಟು, ಅದರ ಮಗ್ಗುಲಿಗೆ ಪತ್ರೊಡೆಗೆಂದು ಕೆಸು ಹಾಕಿ. ಒಂದೆಲಗಕ್ಕೂ ತೇವ ಬೇಕು, ಆದರೆ ಬಚ್ಚಲ ನೀರು ಬೇಡ. ತಂಬುಳಿಗೆ ಹಸಿಯಾಗಿ ಅರೆಯುವ ಸೊಪ್ಪಲ್ವಾ!

ಅಡಿಕೆ ಮರಗಳ ನಡುವೆ ಏಲಕ್ಕಿ, ಮರಕ್ಕೆ ಕಾಳುಮೆಣಸಿನ ಬಳ್ಳಿ, ವೀಳ್ಯದೆಲೆ. ಕಾಡಿನಂತೆ ತೋಟ ಕಟ್ಟುವ ಪರ್ಮಾಕಲ್ಚರ್‌ನವರು ಹೇಳುವ ಅಂತಸ್ತಿನ ತೋಟ ನಮ್ಮ ಅಜ್ಜಂದಿರಿಗೆ ಹೊಸದೇನಲ್ಲ. ಆದರೆ ಕತ್ತಲು ಕವಿಯುವಂಥ ನೆರಳಾದರೆ ಕಾಳುಮೆಣಸು ಬರೀ ಎಲೆ ಬಿಡುತ್ತದೆ, ಮಳೆಗಾಲದಲ್ಲಿ ಕೊಳೆರೋಗವೂ ಬೇಗ ಹಿಡಿಯುತ್ತದೆ.

ಅಂಥಲ್ಲಿ ಕತ್ತಿ ಕೈಗೆತ್ತಿಕೊಳ್ಳಿ. ಬೇಲಿಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ ನೆಟ್ಟರೆ, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಅದರ ಸೊಪ್ಪು ಸವರಿ ಗಿಡಗಳ ಬುಡಕ್ಕೆ ಹಾಸಬಹುದು. ಮೋಡದ ದಿನಗಳಲ್ಲಿ ಗಿಡಕ್ಕೆ ಬೆಳಕು ಸಿಗುತ್ತದೆ, ಮಳೆ ಮುಗಿಯುವಷ್ಟರಲ್ಲಿ ಮತ್ತೆ ಚಿಗುರಿ ನೆರಳು.

ಹಲಸಿನ ಕೆಳಗಿನ ಕೊಂಬೆಯನ್ನೂ ಕಡಿಸೋಣ ಅಂದರೆ ಮಾತ್ರ ಅತ್ತೆ ಒಪ್ಪುತ್ತಿಲ್ಲ. ಹಪ್ಪಳದ ಕಾಯಿ ಬಿಡುವುದು ಅದೇ ಕೊಂಬೆಯಲ್ಲಂತೆ.